ಯಾವಾಗಲೋ ಒಮ್ಮೆ ಬೀಳುವ ಬ್ರೇಕು

ಹರಿಹರದಲ್ಲಿ, ತುಂಗಭದ್ರೆಯ ದಡಕ್ಕೆ ಅಂಟಿಕೊಂಡಂತೆ ಖಾಸಿಂ ಉಸ್ತಾದರ ಗ್ಯಾರೇಜು. ದಾಕ್ಷಾಯಿಣಿ ಅಲ್ಲಿ ಆರು ವರ್ಷದಿಂದ ಕೆಲಸ ಕಲಿಯುತ್ತಿದ್ದಳು. ಹೊಸ ಕಾರುಗಳ ಕ್ಯಾಮೆರಾ, ರಾಡಾರು, ಕಂಪ್ಯೂಟರುಗಳನ್ನು ಉಸ್ತಾದರು ಅವಳ ಕೈಗೇ ಬಿಟ್ಟಿದ್ದರು.

ಆ ಬೆಳಿಗ್ಗೆ ನರ್ಸ್ ಫಿಲೋಮಿನಾ ಕಾರು ತಂದು ನಿಲ್ಲಿಸಿದರು. ಒಂದು ತಿಂಗಳಲ್ಲಿ ಅದು ಬಂದದ್ದು ಮೂರನೆಯ ಸಲ.

ಮುಂದೆ ಏನಾದರೂ ಅಡ್ಡ ಬಂದರೆ ತಾನಾಗಿಯೇ ಬ್ರೇಕ್ ಹಾಕಿಕೊಳ್ಳುವ ಕಾರು ಅದು. ಈಚೆಗೆ ಅಡ್ಡ ಏನೂ ಇಲ್ಲದಾಗಲೂ ಹಾಕಿಕೊಳ್ಳುತ್ತಿತ್ತು. ದಿನಾ ಅಲ್ಲ, ಯಾವಾಗಲೋ ಒಮ್ಮೆ.

“ಮೊನ್ನೆ ಸೇತುವೆ ಮೇಲೆ ಗಕ್ಕನೆ ನಿಂತುಬಿಡ್ತು,” ಎಂದರು ಫಿಲೋಮಿನಾ. “ಹಿಂದೆ ಲಾರಿ. ಹೇಗೆ ಉಳಿದ್ವೋ ದೇವರಿಗೇ ಗೊತ್ತು. ನಮ್ಮ ಯಜಮಾನ್ರು ಆವಾಗಿಂದ ಕಾರು ಹತ್ತೋಕೇ ಹೆದರ್ತಾರೆ. ಇವತ್ತು ದಾವಣಗೆರೆಯಲ್ಲಿ ಅವರಿಗೆ ಡಯಾಲಿಸಿಸ್ ಇದೆ ಕಣಮ್ಮ. ಒಂದು ಗಂಟೆಗೆ ಹೊರಡಬೇಕು.”

ಅವರು ಆಟೋ ಹತ್ತಿ ಹೋದರು. ದಾಕ್ಷಾಯಿಣಿ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿದಳು. ಮೊನ್ನೆಯ ದೋಷ ಒಂದು ಸಾಲಿನಲ್ಲಿ ದಾಖಲಾಗಿತ್ತು: ಮುಂದಿನ ರಾಡಾರಿನಿಂದ ತಪ್ಪು ಸೂಚನೆ. ಈಗ ನೋಡಿದರೆ ಎಲ್ಲ ಸರಿ.

ಹಿಂದಿನ ಎರಡು ಸಲವೂ ಹೀಗೇ ಆಗಿತ್ತು. ಅವಳು ಆ ಸಾಲನ್ನು ಅಳಿಸಿ, ಊರೊಳಗೆ ಒಂದು ಸುತ್ತು ಹೊಡೆದು, ಸರಿಹೋಯಿತು ಎಂದು ಹೇಳಿ ಕಳಿಸಿದ್ದಳು.

ಮತ್ತೆ ಅಳಿಸಲು ಬೆರಳು ಮುಂದೆ ಮಾಡಿದಾಗ ಉಸ್ತಾದರು ಪಕ್ಕದಲ್ಲಿ ನಿಂತಿದ್ದರು.

“ಸಿಕ್ಕಿತಾ?”

“ಇಲ್ಲ ಉಸ್ತಾದ್. ಆದರೆ ಈಗ ಸರಿಯಾಗಿದೆ.”

“ಸರಿಯಾಗಿದೆಯೋ, ಸುಮ್ಮನಿದೆಯೋ?”

ಅವಳು ಬೆರಳು ಹಿಂದೆಗೆದುಕೊಂಡಳು.

ಉಸ್ತಾದರು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. “ಸೇತುವೆ ದಾಟಿಸಿಕೊಂಡು ಬಾ.”

ದಾಕ್ಷಾಯಿಣಿ ಕನ್ನಡಿಯ ಮೇಲೆ ಒಂದು ಕಣ್ಣಿಟ್ಟೇ ಓಡಿಸಿದಳು. ಹಿಂದೆ ಒಂದು ಬಸ್ಸು ಹತ್ತಿರ ಬಂದಾಗ ಪಕ್ಕಕ್ಕೆ ಸರಿದು ಅದನ್ನು ಮುಂದೆ ಬಿಟ್ಟಳು. ಏನೂ ಆಗಲಿಲ್ಲ. ಗ್ಯಾರೇಜಿಗೆ ಮರಳಿದಾಗ ಅವಳ ಮುಖ ಸಡಿಲವಾಗಿತ್ತು.

“ಸಮಾಧಾನ ಆಯ್ತಾ?” ಎಂದು ಉಸ್ತಾದರು ಕೇಳಿದರು.

“ಹೂಂ.”

“ಯಾರ ಸಮಾಧಾನಕ್ಕೆ ಹೋಗಿದ್ವಿ?”

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

“ಕಾರನ್ನು ಮೂರು ಸಲ ಕೇಳಿದ್ದೀಯ,” ಎಂದರು ಉಸ್ತಾದರು. “ಆ ತಾಯಿಯನ್ನು ಎಷ್ಟು ಸಲ ಕೇಳಿದೆ?”

ದಾಕ್ಷಾಯಿಣಿ ಸ್ಪೀಕರ್ ಹಾಕಿ ಫೋನ್ ಮಾಡಿದಳು. “ಅಕ್ಕಾ, ಬ್ರೇಕು ಬೀಳೋದು ಯಾವ ದಿನ?”

ಫಿಲೋಮಿನಾ ಸ್ವಲ್ಪ ಯೋಚಿಸಿದರು. “ನೀನು ಕೇಳಿದ ಮೇಲೆ ಹೊಳೀತಿದೆ. ಮೂರು ಸಲವೂ ಡಯಾಲಿಸಿಸ್ ದಿನಾನೇ.”

“ಆ ದಿನ ಬೇರೆ ಏನಾದರೂ ಮಾಡ್ತೀರಾ?”

“ಏನಿಲ್ಲಮ್ಮ. ಅವರಿಗೆ ಧೂಳು ಆಗಲ್ಲ, ಹೊರಡೋ ಮುಂಚೆ ಪೈಪು ಹಿಡಿದು ಕಾರು ತೊಳೀತೀನಿ. ಇವತ್ತು ನಿಮ್ಮಲ್ಲಿಗೆ ತರೋದಿತ್ತಲ್ಲ, ಅದಕ್ಕೇ ತೊಳೀಲಿಲ್ಲ.”

ಅವಳು ಫೋನ್ ಇಡುವಷ್ಟರಲ್ಲಿ ಉಸ್ತಾದರು ನೀರಿನ ಪೈಪನ್ನು ಅವಳ ಮುಂದೆ ಹಿಡಿದಿದ್ದರು.

ಕಾರಿನ ಮುಂಭಾಗಕ್ಕೆ ಚೆನ್ನಾಗಿ ನೀರು ಬಿಟ್ಟು, ಹೊಳೆಯ ಪಕ್ಕದ ಖಾಲಿ ರಸ್ತೆಗೆ ಒಯ್ದರು. ಒಂದು ಸಲ ಹೋದರು, ಬಂದರು. ಏನೂ ಇಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ರಸ್ತೆ ಪೂರ್ತಿ ಖಾಲಿಯಿದ್ದಾಗಲೇ ಕಾರು ಕೀರಿಟ್ಟು, ಮುಗ್ಗರಿಸಿದಂತೆ ನಿಂತಿತು. ಬೆಲ್ಟು ದಾಕ್ಷಾಯಿಣಿಯ ಭುಜ ಕಚ್ಚಿತು. ಹಿಂದೆ ಲಾರಿ ಇದ್ದಿದ್ದರೆ ಏನಾಗುತ್ತಿತ್ತು ಎನ್ನುವುದು ಅವಳಿಗೆ ಈಗ ಮೈಯಿಂದಲೇ ಗೊತ್ತಾಯಿತು.

ಗ್ಯಾರೇಜಿಗೆ ತಂದು ಮುಂದಿನ ಬಂಪರು ಬಿಚ್ಚಿದಳು. ರಾಡಾರಿಗೆ ಹೋಗುವ ವೈರಿನ ತುದಿಯಲ್ಲಿ ನೀರು ತಡೆಯುವ ಒಂದು ರಬ್ಬರ್ ಬಳೆ ಇರುತ್ತದೆ. ಅದು ಮಡಚಿಕೊಂಡು ಕೂತಿತ್ತು. ಒಳಗೆ ತೇವ. ಪಿನ್ನುಗಳಿಗೆ ಹಸಿರು ಕಿಲುಬು.

ಅವಳು ಅದನ್ನು ನೋಡುತ್ತಾ ಕುಕ್ಕರಗಾಲಿನಲ್ಲೇ ಉಳಿದಳು. ಎರಡು ತಿಂಗಳ ಹಿಂದೆ ಆ ಬಂಪರಿಗೆ ಬಣ್ಣ ಹೊಡೆಸಿ ಮತ್ತೆ ಕೂರಿಸಿದವಳು ಅವಳೇ. ಅಂದು ಸಂಜೆ ಮನೆಗೆ ಹೋಗುವ ಅವಸರವಿತ್ತು.

“ಉಸ್ತಾದ್, ಇದು ನನ್ನ ಕೆಲಸ.”

“ನೋಡಿದೆ.”

“ಅವರಿಗೆ ನೀವೇ ಹೇಳ್ತೀರಾ?”

ಉಸ್ತಾದರು ಕೈ ಒರೆಸಿಕೊಳ್ಳುತ್ತಾ ಒಳಗೆ ನಡೆದರು.

ಹನ್ನೆರಡೂವರೆಗೆ ಆಟೋ ಬಂತು. ಫಿಲೋಮಿನಾ ಗಂಡನನ್ನು ಕೈಹಿಡಿದು ಇಳಿಸಿದರು. ಬಿಚ್ಚಿಟ್ಟ ಬಂಪರನ್ನು ನೋಡಿ ಯಜಮಾನರು ಅಲ್ಲೇ ನಿಂತರು.

ದಾಕ್ಷಾಯಿಣಿ ಎದುರಿಗೆ ಹೋದಳು. “ಅಕ್ಕಾ, ತಪ್ಪು ನಂದು. ರಬ್ಬರನ್ನು ಸರಿಯಾಗಿ ಕೂರಿಸಿರಲಿಲ್ಲ, ನೀರು ಹೋಗ್ತಿತ್ತು. ಎರಡು ಸಲ ಏನೂ ಸಿಗದೆ ಸರಿಹೋಯ್ತು ಅಂದೆ. ಹೊಸ ವೈರು ನಾಳೆ ಬರುತ್ತೆ. ಹಾಕಿ, ನೀರು ಬಿಟ್ಟು ಓಡಿಸಿ ನೋಡಿದ ಮೇಲೇ ಕೊಡ್ತೀನಿ. ಇವತ್ತು ಕಾರು ಕೊಡಲ್ಲ.”

ಫಿಲೋಮಿನಾ ಅವಳ ಮುಖವನ್ನೇ ನೋಡಿದರು. ಬೈಯಲಿಲ್ಲ. “ಈಗ ಇವರನ್ನು ಹೇಗೆ ಕರಕೊಂಡು ಹೋಗಲಿ?” ಎಂದಷ್ಟೇ ಕೇಳಿದರು.

ಉಸ್ತಾದರು ಹೊರಗೆ ಬಂದು ತಮ್ಮ ಹಳೆಯ ಕಾರಿನ ಕೀಯನ್ನು ದಾಕ್ಷಾಯಿಣಿಯ ಮುಂದೆ ಚಾಚಿದರು. “ನೀನೇ ಬಿಟ್ಟು ಬಾ.”

ಅವಳು ಕೀ ಹಿಡಿದುಕೊಂಡಳು. ಅದು ಕಿಣಿಕಿಣಿ ಸದ್ದು ಮಾಡಿತು.

“ಉಸ್ತಾದ್, ನನ್ನ ಕೈ ನಡುಗ್ತಿದೆ.”

“ನಡುಗಲಿ ಬಿಡು, ಮಗಳೇ. ನಡುಗದ ಕೈಗೆ ಇವತ್ತು ನಾನು ಕೀ ಕೊಡ್ತಿರಲಿಲ್ಲ.”