ಮುಖ ನೋಡಿ ಮಾಡುವ ವ್ಯಾಪಾರ

ಗೋಡಂಬಿ ವ್ಯಾಪಾರಿ ವಾಮನ ಶೆಣೈಗಳದ್ದು ಬೆಳಗ್ಗಿನಿಂದ ಒಂದೇ ರಗಳೆ. ಮಾಲಿನ ದರ ಕುದುರಿಸಲು ಅವರ ಗುಮಾಸ್ತ ಕಡಲಾಚೆ ಅಂಟುಜ್ವರ ಹಬ್ಬಿದ ಊರಿಗೇ ಹೋಗಿ ಬರಬೇಕಂತೆ.

"ಫೋನಲ್ಲೇ ಮಾತಾಡಬಹುದಲ್ಲ ಧಣಿ?" ಎಂದ ಗುಮಾಸ್ತ.

"ವ್ಯಾಪಾರ ಅಂದರೆ ಮುಖ ನೋಡಿ ಮಾಡಬೇಕು ಮಾರಾಯ. ಜ್ವರವಂತೆ ಜ್ವರ. ಎಲ್ಲ ಪೇಪರಿನವರ ಗಲಾಟೆ."

ಗುಮಾಸ್ತನಿಗೆ ತಲೆ ಚಿಟ್ಟು ಹಿಡಿಯಿತು. "ಆಯ್ತು, ಹೋಗ್ತೇನೆ. ವಾಪಸು ಬರುವಾಗ ವಿಮಾನ ಇಳಿದು ಸೀದಾ ನಿಮ್ಮ ಮನೆಗೇ ಬರ್ತೇನೆ. ನಿಮ್ಮ ಪಕ್ಕದಲ್ಲೇ ಊಟಕ್ಕೆ ಕೂತು ಎಲ್ಲ ಹೇಳ್ತೇನೆ."

ಶೆಣೈಗಳ ಕುರ್ಚಿ ಹಿಂದಕ್ಕೆ ಸರಿಯಿತು. "ಮನೆಗೆ ಯಾಕೆ? ಮೊಮ್ಮಕ್ಕಳು ಇರುವ ಜಾಗ. ಫೋನಲ್ಲೇ ಹೇಳು, ಸಾಕು."

"ಮುಖ ನೋಡದೆ ಹೇಗೆ ಧಣಿ?"

ಶೆಣೈಗಳು ಮೇಜಿನ ಮೇಲಿದ್ದ ಫೋನನ್ನು ಗುಮಾಸ್ತನ ಕಡೆ ತಳ್ಳಿದರು. "ಫೋನ್ ಮಾಡು ಮಾರಾಯ ಆ ಮಾಲಿನವರಿಗೆ, ದರ ಇಲ್ಲಿಂದಲೇ ಕುದುರಿಸು."