ಬಾಗಿಲಿಲ್ಲದ ಕಮಾನು

"ಕೇಳಿ, ಊರಿನವರೇ, ದಾರಿಹೋಕರೇ! ಭದ್ರಸೇನ ಮಹಾರಾಜರ ಅಪ್ಪಣೆ! ರಾಜಕುಮಾರಿ ಹೇಮಲೇಖೆಯವರು ಹೆದ್ದಾರಿಯ ನಡುವೆ ಕಟ್ಟಿಸಿದ ವೇಗಪಥದ ಮೇಲೆ ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ರಾಜ್ಯ. ಕುಮಾರಿಯವರೇ ಒಪ್ಪಿದರೆ ಅವರೊಡನೆ ಮದುವೆ. ಒಂದು ತಪ್ಪಿದರೂ ಅಮಾವಾಸ್ಯೆಯ ಬೆಳಿಗ್ಗೆ ತಲೆದಂಡ!"

ಡಂಗುರದ ಜೀಪು ಕಂಕಣಪುರದ ಬೀದಿಬೀದಿ ಸುತ್ತಿತು. ಒಗಟು ಹಾಕುವುದಕ್ಕೆ ತಕ್ಕ ಹೆದ್ದಾರಿಯೇ ಅದು. ಅಕ್ಕಪಕ್ಕದ ಸಾಲುಗಳಲ್ಲಿ ಕಾರುಗಳು ಇರುವೆಯಂತೆ ತೆವಳುತ್ತಿದ್ದರೆ ನಡುವಿನ ಪಥ ಮಾತ್ರ ಹೊಳೆಯಂತೆ ಹರಿಯುತ್ತಿತ್ತು. ಅದರ ಮೇಲೆ ಆಕಾಶಕ್ಕೆ ಅಡ್ಡಲಾಗಿ ಉಕ್ಕಿನ ಕಮಾನು. ಬಾಗಿಲಿಲ್ಲ, ಕಾವಲಿನವನಿಲ್ಲ, ಕೈ ಚಾಚುವವರಿಲ್ಲ. ಆದರೂ ಸುಂಕ ತಪ್ಪಿಸಿ ದಾಟಿದವರನ್ನು ಯಾರೂ ಕಂಡಿರಲಿಲ್ಲ. ಹಳಬರು ಅದರ ಕೆಳಗೆ ಹೋಗುವಾಗ ಕೈಮುಗಿಯುತ್ತಿದ್ದರು.

ಮೊದಲು ಬಂದವನು ನೆರೆರಾಜ್ಯದ ಕುಮಾರ ರಣಧೀರ. ಮೊದಲ ಒಗಟಿಗೇ ಮೀಸೆ ತಿರುವಿ, "ಕಮಾನಿನೊಳಗೆ ಸೈನಿಕರು ಅಡಗಿ ಕೂತಿದ್ದಾರೆ!" ಎಂದ. ಕಮಾನು ಹತ್ತಿ ಹುಡುಕಿದರು. ಒಂದು ಪಾರಿವಾಳದ ಗೂಡು ಸಿಕ್ಕಿತು. ಅವನನ್ನು ಸೆರೆಗೆ ತಳ್ಳಿದರು.

ಆಮೇಲೆ ಬಂದವನು ಬಾಡಿಗೆ ಕಾರಿನ ಮಲ್ಲೇಶ. ದಿನಾ ಅದೇ ದಾರಿಯಲ್ಲಿ ಓಡಾಡುವವನು, ಎರಡು ಒಗಟನ್ನು ಕುಮಾರಿಗಷ್ಟೇ ಕೇಳುವಂತೆ ಸಲೀಸಾಗಿ ಬಿಡಿಸಿದ. ಮೂರನೆಯದಕ್ಕೆ ಹೊಟ್ಟೆಯ ಸಿಟ್ಟೆಲ್ಲ ಹೊರಬಂದು, "ಇನ್ಯಾರು, ಮಹಾರಾಜರ ದುರಾಸೆ!" ಎಂದುಬಿಟ್ಟ. ಅವನಿಗೂ ಸೆರೆಯೇ ಗತಿಯಾಯಿತು.

ಮಲ್ಲೇಶನಿಗೆ ಕೆಂಚ ಎಂಬ ತಮ್ಮನಿದ್ದ. ಕೆಂಚನ ಕೆಲಸ ಕೇಳಿದರೆ ನೀವೂ ನಗುತ್ತೀರಿ. ಹೆದ್ದಾರಿಯ ಬದಿಯ ಬೇವಿನ ಮರದಡಿ ನಿಂತಿರುವುದು, ಯಾರ ಕಾರಿಗಾದರೂ ಮೂರನೆಯವನು ಬೇಕಾದರೆ ಹತ್ತಿ ಕೂರುವುದು. ಊರಿನವರು ಅವನನ್ನು ಭಾರದ ಕೆಂಚ ಎಂದು ಆಡಿಕೊಳ್ಳುತ್ತಿದ್ದರು. ಅಣ್ಣನ ಸುದ್ದಿ ಕೇಳಿದ್ದೇ ಅವನು ಒಬ್ಬನೇ ನಡೆದುಕೊಂಡು, ಮಹಾರಾಜರೂ ಕುಮಾರಿಯೂ ಜನರೂ ನೆರೆದಿದ್ದ ಕಮಾನಿನ ಬುಡಕ್ಕೆ ಬಂದ.

"ತಲೆಯ ಮೇಲೆ ಆಸೆಯಿಲ್ಲವೇನೋ?" ಎಂದರು ಮಹಾರಾಜರು.

"ಆಸೆ ಐತೆ ಬುದ್ಧಿ. ಅಣ್ಣನ ತಲೆ ಮೇಲೂ ಐತೆ."

ಹೇಮಲೇಖೆ ಕೇಳಿದಳು: "ಕೈಯಿಲ್ಲದೆ ಸುಂಕ ಪಡೆಯುವ, ಬಾಯಿಲ್ಲದೆ ಹೆಸರು ಕೇಳುವ, ಯಾರನ್ನೂ ನಿಲ್ಲಿಸದ ಕಾವಲುಗಾರ ಈ ಕಮಾನು. ಅದಕ್ಕೆ ಉತ್ತರ ಕೊಡುವವರು ಯಾರು?"

"ಕಾರಿನ ಗಾಜಿಗೆ ಅಂಟಿಸಿರೋ ಪಟ್ಟಿ, ಅಮ್ಮಾವ್ರೇ. ಕಮಾನು ಒಂದೇ ಸಮನೆ 'ಯಾರದು, ಯಾರದು' ಅಂತ ಕೂಗ್ತಾ ಇರುತ್ತೆ. ನಮ್ಮ ಕಿವಿಗೆ ಕೇಳಲ್ಲ, ಪಟ್ಟಿಗೆ ಕೇಳುತ್ತೆ. ಅದು ತನ್ನ ನಂಬರು ಹೇಳುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಯಜಮಾನರ ಖಾತೆಯಿಂದ ಸುಂಕ ಹೋಗಿರುತ್ತೆ. ಪಟ್ಟಿ ಇಲ್ಲದ ಕಾರಿನ ನಂಬರ್ ಪ್ಲೇಟಿನ ಫೋಟೋ ತೆಗೆದು ಮನೆಗೇ ಚೀಟಿ ಕಳಿಸುತ್ತೆ."

ಜನ ತಲೆಯೆತ್ತಿ ಕಮಾನನ್ನು ನೋಡಿದರು. ಇಷ್ಟು ದಿನ ತಮ್ಮ ನೆತ್ತಿಯ ಮೇಲೆ ಇಂಥ ಮಾತುಕತೆ ನಡೆಯುತ್ತಿತ್ತೇ ಎಂದು ಅವರಿಗೆ ಮೈ ಜುಮ್ಮೆಂದಿತು.

"ಎರಡನೆಯದು," ಎಂದಳು ಹೇಮಲೇಖೆ. "ಕಲ್ಲು, ಕಬ್ಬಿಣ, ಬಂಗಾರ ಹೇರಿದರೆ ಸುಂಕ ಇಳಿಯದು. ಇನ್ನೊಂದು ಭಾರ ಹೇರಿದರೆ ಸುಂಕವೇ ಮಾಯ. ಯಾವುದದು?"

"ನಾನೇ," ಎಂದ ಕೆಂಚ.

ಜನ ಗೊಳ್ಳೆಂದು ನಕ್ಕರು. ಅವನು ನಗು ನಿಲ್ಲುವವರೆಗೆ ಕಾದು ಮುಂದುವರಿಸಿದ. "ಒಬ್ಬನೇ ಹೋದರೆ ಪೂರಾ ಸುಂಕ, ಮೂವರಾದರೆ ಸೊನ್ನೆ. ಮೂರು ಕಾರಿನ ಜನ ಒಂದು ಕಾರಲ್ಲಿ ಹೋದರೆ ದಾರಿ ಅಷ್ಟು ಖಾಲಿ ಆಯ್ತಲ್ಲ. ಎಷ್ಟು ಜನ ಅಂತ ಹೇಳೋಕೆ ಪಟ್ಟಿಯಲ್ಲೇ ಗುಂಡಿ ಐತೆ. ಒಬ್ಬ ಮಹಾನುಭಾವರು ನನ್ನನ್ನ ಇಳಿಸಿ, ಪೇಟ ಸುತ್ತಿದ ಹುಲ್ಲುಗೊಂಬೆ ಕೂರಿಸಿಕೊಂಡು ಮೂರು ಅಂತ ಒತ್ತಿದ್ರು. ಕಮಾನಿಗೆ ಕಣ್ಣೂ ಐತೆ ಅಮ್ಮಾವ್ರೇ. ಅವತ್ತು ಅವರಿಗೆ ದಂಡ ಬಿತ್ತು. ಗೊಂಬೆಗೂ ನನಗೂ ವ್ಯತ್ಯಾಸ ಐತೆ ಅಂತ ಈ ಊರಲ್ಲಿ ಮೊದಲು ಹೇಳಿದ್ದು ಅದೇ."

ಯಾರೂ ನಗಲಿಲ್ಲ. ಹೇಮಲೇಖೆಯ ದನಿ ಮೆತ್ತಗಾಯಿತು. "ಕೊನೆಯದು. ಕಮಾನಿನ ಮೇಲಿರುವ ಆ ಸುಂಕದ ಹಲಗೆ ನೋಡು. ಮುಂಜಾನೆ ಒಂದು ಬೆಲೆ, ಈಗ ಇನ್ನೊಂದು. ಏರಿಸುವವರು ಯಾರು? ಏತಕ್ಕೆ?"

ಇದೇ ಅಣ್ಣನನ್ನು ಕೆಡವಿದ ಒಗಟು. ಕೆಂಚ ತುಂಬಿ ತೆವಳುವ ಸಾಲುಗಳನ್ನೂ ಹರಿಯುವ ಪಥವನ್ನೂ ಬಹಳ ಹೊತ್ತು ನೋಡಿದ.

"ನಾವೇ ಏರಿಸೋದು. ನಮ್ಮಣ್ಣನ ಕಣ್ಣು ಸ್ಟೀರಿಂಗ್ ಮೇಲಿರುತ್ತೆ, ಅವನಿಗೆ ಕೊಡೋದಷ್ಟೇ ಗೊತ್ತು. ನನಗೆ ಹಿಂದಿನ ಸೀಟಲ್ಲಿ ಕೂತು ನೋಡೋದೇ ಕೆಲಸ. ಈ ಪಥಕ್ಕೆ ಕಾರು ತುಂಬ್ತಾ ಬಂದಂಗೆ ಬೆಲೆ ಏರುತ್ತೆ. ಏರಿದ್ದು ಕಂಡು ಅವಸರ ಇಲ್ಲದೋರು ಆಚೆ ಸಾಲಲ್ಲೇ ಉಳೀತಾರೆ. ಖಾಲಿಯಾದ್ರೆ ಮತ್ತೆ ಇಳಿಯುತ್ತೆ. ದುಡ್ಡಿಗಲ್ಲ ಅಮ್ಮಾವ್ರೇ, ಹರಿಯೋದು ನಿಲ್ಲಬಾರದು ಅಂತ."

ಹೇಮಲೇಖೆ ಕಣ್ಣೊರೆಸಿಕೊಂಡಳು. ತನ್ನ ಮನಸ್ಸಿನಲ್ಲಿದ್ದದ್ದನ್ನು ಇನ್ನೊಬ್ಬರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. "ಮೂರೂ ಸರಿ," ಎಂದಳು.

"ಅರ್ಧ ರಾಜ್ಯ ನಿನ್ನದು," ಎಂದರು ಮಹಾರಾಜರು.

"ಅದು ನಿಮ್ಮಲ್ಲೇ ಇರಲಿ ಬುದ್ಧಿ. ಬರುವಾಗ ಒಬ್ಬನೇ ಬಂದೆ. ಹೋಗುವಾಗ ಮೂವರಾಗಿ ಹೋಗ್ಬೇಕು. ಅಣ್ಣನನ್ನೂ ಆ ಕುಮಾರರನ್ನೂ ಬಿಟ್ಟುಕೊಡಿ."

"ಆಜ್ಞೆ ಆಜ್ಞೆಯೇ!"

"ಅಪ್ಪಾಜಿ," ಎಂದಳು ಹೇಮಲೇಖೆ, "ಜನ ಒಟ್ಟಿಗೆ ಹೋಗಲಿ ಅಂತ ಕಟ್ಟಿದ ದಾರಿ ಇದು. ಇದರ ಹೆಸರಲ್ಲಿ ತಲೆ ತೆಗೆದರೆ ನಾನು ಇದರ ಮೇಲೆ ಕಾಲಿಡುವುದಿಲ್ಲ."

ಮಹಾರಾಜರು ಮಗಳ ಮುಖ ನೋಡಿದರು, ಮೇಲಿನ ಕಮಾನನ್ನು ನೋಡಿದರು. ಸೆರೆಯ ಬೀಗ ತೆಗೆಸಿದರು.

ಮಲ್ಲೇಶ ತಮ್ಮನನ್ನು ತಬ್ಬಿಕೊಂಡು ಅತ್ತ. ತನ್ನ ಬಾಡಿಗೆ ಕಾರು ಹತ್ತಿ ಸ್ಟೀರಿಂಗ್ ಹಿಡಿದು ಕೂತ. ರಣಧೀರ ಮೀಸೆ ಇಳಿಸಿಕೊಂಡು ಅವನ ಪಕ್ಕ ಕೂತ. ಕೆಂಚ ಹಿಂದೆ ಹತ್ತಿದ. ಆಗ ಹೇಮಲೇಖೆ ಬಾಗಿಲು ತೆರೆದು, "ಸ್ವಲ್ಪ ಜರುಗು," ಎಂದಳು. ಮದುವೆಗೆ ಅವಳ ಒಪ್ಪಿಗೆ ಜನಕ್ಕೆ ಅದರಲ್ಲೇ ತಿಳಿಯಿತು.

ಆ ಸಂಜೆ ಹಲಗೆಯ ಬೆಲೆ ಮುಗಿಲಿಗೇರಿತ್ತು. ಅವರ ಕಾರು ಕಮಾನಿನಡಿ ಹಾಯುವಾಗ ದೀಪ ಮಿನುಗಿ ಸೊನ್ನೆ ಎಂದಿತು. ಹಿಂದೆಯೇ ಬಂದ ಮಹಾರಾಜರ ಬಂಗಾರದ ಬಣ್ಣದ ಕಾರಿನಲ್ಲಿ ಅವರೊಬ್ಬರೇ. ಕಮಾನು ಅವರಿಂದ ಪೂರಾ ಸುಂಕ ತೆಗೆದುಕೊಂಡಿತು.

ಮರುದಿನ ಬೆಳಿಗ್ಗೆ ಬೇವಿನ ಮರದ ಬಳಿ ಆ ಕಾರು ನಿಂತಿತು. ಗಾಜು ಇಳಿಯಿತು. "ಇಬ್ಬರು ಬೇಕಾಗಿತ್ತು," ಎಂದರು ಮಹಾರಾಜರು, "ಯಾರಾದರೂ ಬರುತ್ತೀರಾ?"