ಮೋಟು ಶಿಲುಬೆಯ ಗುಡ್ಡ

ಅರಳೇಪಾಳ್ಯದ ದೇವಾಲಯದ ಹಿಂದಿನ ಗುಡ್ಡದ ತುದಿಯಲ್ಲಿ ಒಂದು ನೀಳ ಕಲ್ಲುಕಂಬ ನಿಂತಿದೆ. ಶಿಲುಬೆಗೆಂದೇ ಕಡೆದದ್ದು, ಆದರೆ ಅಡ್ಡತೋಳಿಲ್ಲ. ತೋಳಾಗಬೇಕಿದ್ದ ಕಲ್ಲು ಬುಡದಲ್ಲೇ ಬಿದ್ದಿದೆ. ಪಟ್ಟಣದಿಂದ ಬಂದವರು ಸಿಡಿಲು ಹೊಡೆಯಿತೇ ಎಂದು ಕೇಳುತ್ತಾರೆ. ಸಿಡಿಲಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಹುದಿತ್ತು. ನಮ್ಮ ಹಿರಿಯರು ಅದಕ್ಕೆ ಬಿಡಲಿಲ್ಲ.

ಹಿಂದೆ ಒಮ್ಮೆ, ಪಾದ್ರಿಗಳು ವರ್ಷಕ್ಕೆರಡು ಸಲ ಮಾತ್ರ ಕುದುರೆಯೇರಿ ಬರುತ್ತಿದ್ದ ಕಾಲದಲ್ಲಿ, ಊರಿನ ಜಪತಪವನ್ನೆಲ್ಲ ಉಪದೇಶಿ ಇನ್ನಾಸಪ್ಪನೇ ನಡೆಸುತ್ತಿದ್ದನು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ನಲವತ್ತು ದಿನವೂ ಪ್ರತಿ ಮನೆಯವರು ಒಂದು ಹೊತ್ತಿನ ಊಟ ಬಿಟ್ಟು, ಉಳಿದ ರಾಗಿಯನ್ನು ದೇವಾಲಯದ ಮಣ್ಣಿನ ವಾಡೆಗೆ ಸುರಿಯುವುದು ರೂಢಿ. ಅದು ಇಲ್ಲದವರ ಪಾಲು. ಇನ್ನಾಸಪ್ಪ ಅದರಲ್ಲಿ ಒಂದು ಕಾಳನ್ನೂ ಬಾಯಿಗೆ ಹಾಕಿಕೊಂಡವನಲ್ಲ. ಅಂಥವನ ಬಳಿಗೆ ಹೊನ್ನು ಹಿಡಿದು ಬರಲು ಸೈತಾನನೇನು ದಡ್ಡನೇ? ಅವನು ಜಪದ ನಡುವೆ, ಜಪದ ದನಿಯಲ್ಲೇ ಬಂದನು ಎನ್ನುತ್ತಾರೆ. ಯೇಸುಸ್ವಾಮಿಗೆ ಗುಡ್ಡದ ಮೇಲೊಂದು ಶಿಲುಬೆ ಬೇಡವೇ? ಬಡವರು ಉಂಡದ್ದು ಸಂಜೆಗೆ ಕರಗುತ್ತದೆ, ಕಲ್ಲು ಸಾವಿರ ವರ್ಷ ನಿಲ್ಲುತ್ತದೆ. ಇನ್ನಾಸಪ್ಪನಿಗೆ ಕಣ್ಣೀರೇ ಬಂತು. ದೇವರೇ ನುಡಿದನೆಂದು ನಂಬಿ, ಕಲ್ಲುಕುಟಿಗರನ್ನು ಕರೆಸಿ, ವಾಡೆಯ ರಾಗಿಯನ್ನೇ ಕೂಲಿಗೆ ಕೊಟ್ಟನು.

ಊರಂಚಿನ ವಿಧವೆ ಜ್ಞಾನಮ್ಮ, ಜ್ವರದಿಂದ ಸೊರಗಿದ್ದ ಮಗಳಿಗೆ ಅಂಬಲಿಗಾದರೂ ರಾಗಿ ಬೇಕೆಂದು ಎರಡು ಸಲ ಬಂದಳು. ಎರಡು ಸಲವೂ ಅವನು, "ಸ್ವಾಮಿ ಕೆಲ್ಸ ನಡೀತಾ ಐತೆ ಕಣವ್ವಾ, ಹಬ್ಬ ಕಳೀಲಿ," ಎಂದು ಕಳಿಸಿದನು. ಶುಭ ಶುಕ್ರವಾರದ ಬೆಳಿಗ್ಗೆ ಕಂಬ ನಿಂತಿತ್ತು. ತೋಳುಗಲ್ಲನ್ನು ಏರಿಸಲು ಹಗ್ಗ ಬಿಗಿಯುತ್ತಿದ್ದಾಗ ಜ್ಞಾನಮ್ಮ ಮಗಳನ್ನೆತ್ತಿಕೊಂಡು ಗುಡ್ಡ ಹತ್ತಿ ಬಂದಳು. ಮಗುವಿಗೆ ಉಸಿರಿರಲಿಲ್ಲ. ಅದನ್ನು ಆ ಕಲ್ಲಿನ ಮೇಲೆ ಮಲಗಿಸಿದಳು.

"ಕಲ್ಲು ಚಂದಾಗೈತೆ ಉಪದೇಸಿಗಳೇ. ಇದ್ನೇ ಬೇಯ್ಸಿ ಉಣ್ಣುಸ್ಬೇಕಿತ್ತಾ ನಾನು?"

"ದೇವ್ರೇ ಹೇಳ್ದ ಅನ್ಕೊಂಡಿದ್ದೆ ಕಣವ್ವಾ..." ಎಂದನಂತೆ ಇನ್ನಾಸಪ್ಪ. ಬಿಗಿದಿದ್ದ ಹಗ್ಗವನ್ನು ತಾನೇ ಬಿಚ್ಚಿದನು. ಬದುಕಿರುವವರೆಗೂ ಜಪಕ್ಕೆ ಕುಳಿತಾಗಲೆಲ್ಲ, ಒಳಗೆ ಮಾತಾಡುತ್ತಿರುವವರು ಯಾರೆಂದು ತಿಳಿಯದೆ ನಡುಗುತ್ತಿದ್ದನು ಎನ್ನುತ್ತಾರೆ.

ಇಂದಿಗೂ ತಪಸ್ಸುಕಾಲದಲ್ಲಿ ಗುಡ್ಡ ಹತ್ತಿದವರಿಗೆ ಆ ಬಿದ್ದ ಕಲ್ಲಿನ ಮೇಲೆ ಅಂಬಲಿಯ ಮಡಕೆಗಳು ಕಾಣುತ್ತವೆ. ಹಬ್ಬಕ್ಕೆಂದು ಕೂಡಿಡುವುದಿಲ್ಲ, ಅಂದಿನದು ಅಂದೇ ಹಂಚಿಕೆಯಾಗುತ್ತದೆ. ಹೊಸದಾಗಿ ಬಂದ ಪಾದ್ರಿಗಳೊಬ್ಬರು, ತೋಳನ್ನು ಏರಿಸಿಬಿಡೋಣ, ದೇವರ ಮಹಿಮೆಗೆ ಒಳ್ಳೆಯದಲ್ಲವೇ ಎಂದರು. ಒಳ್ಳೆಯದೇ. ಅದಕ್ಕೇ ನಮಗೆ ಹೆದರಿಕೆ.